ತ್ರಾಶಿಗಾಂಗ್‌ನಲ್ಲಿ ಇಂಗ್ಲಿಷ್ ಮೇಡಂ ಆಗಿದ್ದಾಗ

ಭೂತಾನದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ ಅಂದರೆ ಧಾರವಾಡದಲ್ಲಿ ಇವತ್ತಿಗೂ ಜನ ಎರಡನೇ ಸಲ ಕೇಳುತ್ತಾರೆ. ವಿದೇಶದಲ್ಲಿ ಟೀಚರ್ ಅಂದರೆ ದುಬೈ ಇರಬೇಕು, ಇಲ್ಲ ಮಾಲ್ಡೀವ್ಸ್ ಇರಬೇಕು. ಭೂತಾನದವರಿಗೆ ಇಂಗ್ಲಿಷ್ ಯಾಕೆ ಅನ್ನೋದು ಮುಂದಿನ ಪ್ರಶ್ನೆ. ಆ ದೇಶದ ಸರ್ಕಾರಿ ಶಾಲೆಗಳಲ್ಲಿ ಗಣಿತ, ವಿಜ್ಞಾನ ಎಲ್ಲವನ್ನೂ ಇಂಗ್ಲಿಷಿನಲ್ಲೇ ಕಲಿಸುತ್ತಾರೆ. ರಾಷ್ಟ್ರಭಾಷೆ ಜೋಂಗ್ಖಾ ಒಂದು ವಿಷಯವಾಗಿ ಇರುತ್ತದೆ. ಮೊದಮೊದಲು ಅಲ್ಲಿ ಹಿಂದಿ ಮಾಧ್ಯಮ ಇತ್ತು, ಯಾಕಂದರೆ ಪುಸ್ತಕಗಳೂ ಮೇಷ್ಟ್ರುಗಳೂ ನಮ್ಮ ದೇಶದಿಂದಲೇ ಹೋಗುತ್ತಿದ್ದರು. 1960ರ ದಶಕದಲ್ಲಿ ಇಂಗ್ಲಿಷಿಗೆ ಬದಲಾಯಿಸಿಕೊಂಡರು. ಅಂದಿನಿಂದ ಭಾರತದ ಎಷ್ಟೋ ಶಿಕ್ಷಕರು ಅಲ್ಲಿಯ ಬೆಟ್ಟದ ಊರುಗಳಲ್ಲಿ ಕೆಲಸ ಮಾಡಿ ಬಂದಿದ್ದಾರೆ. ಕೇರಳದವರು ಜಾಸ್ತಿ. ನನ್ನನ್ನೂ ಕೇರಳದವಳು ಅಂತಲೇ ಎಷ್ಟೋ ಮಂದಿ ತಿಳಿದಿದ್ದರು.

ನಾನು ಬ್ಯಾಡಗಿ ತಾಲ್ಲೂಕಿನವಳು. ಹಳ್ಳಿಯ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ನಮ್ಮ ಕಾಲಕ್ಕೆ ಎ ಬಿ ಸಿ ಡಿ ಶುರುವಾಗುತ್ತಿದ್ದುದೇ ಐದನೇ ತರಗತಿಯಲ್ಲಿ. ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ, ಅಷ್ಟರೊಳಗೆ ನಾನು ಡಿಗ್ರಿಗೆ ಬಂದಾಗಿತ್ತು. ಆಮೇಲೆ ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿದೆ. ಕೈಯಲ್ಲಿ ಕೆಲಸ ಇರಲಿಲ್ಲ. ಪತ್ರಿಕೆಯಲ್ಲಿ ಜಾಹೀರಾತು ನೋಡಿ ಅರ್ಜಿ ಹಾಕಿದೆ, ಸಂದರ್ಶನಕ್ಕೆ ಹೋಗಿ ಬಂದೆ, ಪತ್ರ ಬಂತು.

ಅಪ್ಪ ಕೇಳಿದ್ದು ಒಂದೇ ಮಾತು. "ಇಂಗ್ಲಿಷ್ ಕಲಿಸಾಕ ಅಷ್ಟ್ ದೂರ ಯಾಕ ಹೋಗಬೇಕವಾ? ನಮ್ಮೂರ ಸಾಲ್ಯಾಗ ಹುಡುಗ್ರಿಲ್ಲೇನು?"

ನ್ಯಾಯವಾದ ಪ್ರಶ್ನೆ. ನಮ್ಮೂರ ಶಾಲೆಯಲ್ಲಿ ಹುಡುಗರಿದ್ದರು, ನೇಮಕಾತಿ ಇರಲಿಲ್ಲ ಅನ್ನೋದು ಅರ್ಧ ಉತ್ತರ. ಉಳಿದ ಅರ್ಧ, ನನಗೆ ಹೋಗಬೇಕು ಅನ್ನಿಸಿತ್ತು. ಇಪ್ಪತ್ತಮೂರರ ವಯಸ್ಸಿನಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಗಳಿಗೆ ಹಾಗನ್ನಿಸೋದು ತಪ್ಪಲ್ಲ ಅಂತ ಆಗಲೂ ಗೊತ್ತಿತ್ತು, ಈಗಲೂ ಗಟ್ಟಿಯಾಗಿ ಹೇಳುತ್ತೇನೆ. ಅವ್ವ ಏನೂ ಕೇಳಲಿಲ್ಲ. ಮೆಣಸಿನಕಾಯಿಯ ಗಂಟು ಕಟ್ಟಿಕೊಟ್ಟಳು.

2010ರ ಫೆಬ್ರವರಿ. ಅಲ್ಲಿ ಚಳಿಗಾಲವೇ ದೊಡ್ಡ ರಜೆ, ಫೆಬ್ರವರಿಯಲ್ಲಿ ಶಾಲೆ ಶುರು. ಹುಬ್ಬಳ್ಳಿಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಗದಗ, ಗುಂತಕಲ್, ವಿಜಯವಾಡ ದಾಟಿ ಹೌರಾ. ಅಲ್ಲಿಂದ ಇನ್ನೊಂದು ರೈಲಿನಲ್ಲಿ ಅಸ್ಸಾಮಿನ ರಂಗಿಯಾ. ಅಲ್ಲಿಂದ ಗಡಿ ಊರು ಸಂಡ್ರುಪ್ ಜೋಂಗ್ಖರ್. ಭಾರತದವರಿಗೆ ವೀಸಾ ಬೇಕಿಲ್ಲ, ಪರ್ಮಿಟ್ ಸಾಕು. ವೋಟರ್ ಐಡಿ ತೋರಿಸಿ ವಿದೇಶಕ್ಕೆ ಕಾಲಿಟ್ಟೆ. ಗಡಿ ದಾಟಿದ ಕೂಡಲೇ ಗಡಿಯಾರ ಅರ್ಧ ಗಂಟೆ ಮುಂದಕ್ಕೆ ತಿರುಗಿಸಬೇಕು. ಅಲ್ಲಿಂದ ಪೂರ್ವ ಭೂತಾನದ ಜಿಲ್ಲಾ ಕೇಂದ್ರ ತ್ರಾಶಿಗಾಂಗ್ 180 ಕಿಲೋಮೀಟರ್. ಬಯಲುಸೀಮೆಯವರಿಗೆ ಅದು ಮೂರೂವರೆ ತಾಸಿನ ದಾರಿ ಅನ್ನಿಸುತ್ತದೆ. ಬೆಳಗ್ಗೆ ಹತ್ತಿದ ಬಸ್ಸಿನಿಂದ ಇಳಿಯುವಾಗ ಕತ್ತಲಾಗುತ್ತಿತ್ತು. ರಸ್ತೆ ಒಂದು ಗುಡ್ಡ ಸುತ್ತಿ ಮುಗಿಸುವಷ್ಟರಲ್ಲಿ ಇನ್ನೊಂದು ಗುಡ್ಡ.

ನಾನು ಸೇರಿದ ಶಾಲೆ ಜಿಲ್ಲಾ ಕೇಂದ್ರದಿಂದಲೂ ಒಳಗೆ, ಬೆಟ್ಟದ ಓರೆಯಲ್ಲಿತ್ತು. ಹಿಂದಿನ ವರ್ಷ, 2009ರ ಸೆಪ್ಟೆಂಬರಿನಲ್ಲಿ, ಪೂರ್ವ ಭೂತಾನದಲ್ಲಿ ಭೂಕಂಪ ಆಗಿತ್ತು. ನಮ್ಮ ಒಂದು ಕಟ್ಟಡದ ಗೋಡೆಯಲ್ಲಿ ಕೈ ಹಿಡಿಸುವಷ್ಟು ಬಿರುಕು. ಆ ಕೋಣೆಗೆ ಬೀಗ ಹಾಕಿ ಪಕ್ಕದಲ್ಲಿ ತಗಡಿನ ಶೆಡ್ಡು ಕಟ್ಟಿದ್ದರು. ಮಳೆ ಬಂದರೆ ತಗಡಿನ ಸದ್ದಿಗೆ ಪಾಠ ಕೇಳಿಸುತ್ತಿರಲಿಲ್ಲ. ಆಗ ನಾನು ಬೋರ್ಡ್ ಮೇಲೆ ಬರೆಯುತ್ತಿದ್ದೆ, ಮಕ್ಕಳು ಎದ್ದು ಬಂದು ಕೆಳಗೆ ಉತ್ತರ ಬರೆಯುತ್ತಿದ್ದರು. ಮಾತಿಲ್ಲದ ಆ ತರಗತಿಗಳು ಅವರಿಗೆ ಬಹಳ ಇಷ್ಟವಾಗಿದ್ದವು.

ಹುಡುಗರು ಘೋ, ಹುಡುಗಿಯರು ಕಿರಾ ತೊಟ್ಟು ಬರುತ್ತಿದ್ದರು. ನಾನು ಮೊದಲು ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಓಡಾಡಿದೆ. ಆಮೇಲೆ ಸಹೋದ್ಯೋಗಿಯೊಬ್ಬರು ಕಿರಾ ಉಡೋದು ಕಲಿಸಿಕೊಟ್ಟರು. ಬೆಳಗಿನ ಪ್ರಾರ್ಥನೆ, ಸಂಜೆಯ ಪ್ರಾರ್ಥನೆ, ರಾತ್ರಿ ಹಾಸ್ಟೆಲಿನಲ್ಲಿ ಓದಿನ ಅವಧಿ. ಮಧ್ಯಾಹ್ನದ ಊಟಕ್ಕೆ ಆಗಿನ್ನೂ ವಿಶ್ವ ಆಹಾರ ಕಾರ್ಯಕ್ರಮದ ನೆರವು ಬರುತ್ತಿತ್ತು. ಮೇ 2ಕ್ಕೆ ಶಿಕ್ಷಕರ ದಿನ, ಮೂರನೇ ರಾಜನ ಹುಟ್ಟುಹಬ್ಬ. ಅವತ್ತು ಮಕ್ಕಳು ನಮ್ಮನ್ನು ಕುರ್ಚಿಯಿಂದ ಏಳಗೊಡುತ್ತಿರಲಿಲ್ಲ. ಹಾಡು, ಕುಣಿತ, ಮತ್ತೆ ಹಾಡು.

ಅವ್ವ ಕೊಟ್ಟ ಗಂಟಿನ ಕತೆಯನ್ನೂ ಹೇಳಲೇಬೇಕು. ಭೂತಾನದಲ್ಲಿ ಮೆಣಸಿನಕಾಯಿ ಮಸಾಲೆ ಅಲ್ಲ, ತರಕಾರಿ. ಎಮಾ ದತ್ಶಿ ಅಂದರೆ ಮೆಣಸಿನಕಾಯಿಯನ್ನು ಚೀಸಿನಲ್ಲಿ ಬೇಯಿಸಿದ ಪಲ್ಯ, ಅದನ್ನು ಕೆಂಪು ಅಕ್ಕಿಯ ಅನ್ನದ ಜೊತೆ ದಿನಾ ತಿನ್ನುತ್ತಾರೆ. ಬೇಸಿಗೆ ಮುಗಿಯುವಾಗ ಮನೆಗಳ ಮೇಲೆಲ್ಲ ಕೆಂಪು ಮೆಣಸಿನಕಾಯಿ ಒಣಗುತ್ತಿರುತ್ತದೆ. ನಮ್ಮೂರಲ್ಲೇ ಇದ್ದೇನೆ ಅನ್ನಿಸುತ್ತಿತ್ತು. ಹಾಸ್ಟೆಲಿನ ಅಡುಗೆಯವರಿಗೆ ನಮ್ಮ ಬ್ಯಾಡಗಿ ಕಾಯಿ ಕೊಟ್ಟೆ. ಅವರು ಒಂದನ್ನು ಹಾಗೇ ಕಚ್ಚಿ ತಿಂದು, ಬಣ್ಣ ನೋಡಿ ಮೆಚ್ಚಿ, ಖಾರ ಎಲ್ಲಿ ಅಂತ ಕೇಳಿದರು. ಬ್ಯಾಡಗಿ ಕಾಯಿಯ ಹೆಸರೇ ಬಣ್ಣಕ್ಕೆ, ಅದರಲ್ಲಿ ಖಾರ ಕಡಿಮೆ ಅಂತ ನಾನು ವಿವರಿಸಿದೆ. ಖಾರ ಇಲ್ಲದ ಮೆಣಸಿನಕಾಯಿಯನ್ನು ಬೇಕಂತಲೇ ಬೆಳೆಯುವ ಊರು ಇದೆ ಅನ್ನೋದನ್ನು ಅವರು ಕೊನೆವರೆಗೂ ನಂಬಲಿಲ್ಲ.

ಈಗ ತರಗತಿಯ ವಿಷಯಕ್ಕೆ ಬರುತ್ತೇನೆ. ನಾನು ಇದನ್ನು ಬರೆಯಲು ಕೂತದ್ದೇ ಅದಕ್ಕೆ.

ಎಂಟನೇ ತರಗತಿಗೆ ಪ್ರಬಂಧ ಬರೆಸಬೇಕಿತ್ತು. ಪ್ರವಾಸ, ಹವ್ಯಾಸ, ಮೆಚ್ಚಿನ ಹಬ್ಬ ಅಂತ ಎಲ್ಲ ಕಡೆ ಕೊಡುವ ವಿಷಯಗಳನ್ನೇ ಕೊಟ್ಟೆ. ಮಕ್ಕಳು ಎಲ್ಲ ಕಡೆ ಬರೆಯುವುದನ್ನೇ ಬರೆದರು. ವ್ಯಾಕರಣ ಪರವಾಗಿಲ್ಲ, ಒಳಗೆ ಏನೂ ಇಲ್ಲ. ಒಂದು ದಿನ ಆ ವಿಷಯಗಳನ್ನು ಪಕ್ಕಕ್ಕಿಟ್ಟು, ನಿಮ್ಮ ಮನೆಯಲ್ಲಿ ರಾತ್ರಿ ಏನು ನಡೆಯುತ್ತದೆ ಬರೆಯಿರಿ ಅಂದೆ.

ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಇದ್ದ. ಹಾಜರಿ ಕೂಗುವಾಗ ಬಿಟ್ಟರೆ ಅವನ ದನಿ ಕೇಳಿದವರಿಲ್ಲ. ಅವತ್ತು ಅವನು ಎರಡು ಪುಟ ಬರೆದಿದ್ದ. ಪೂರ್ವ ಭೂತಾನದಲ್ಲಿ ಮುಖ್ಯ ಬೆಳೆ ಗೋವಿನಜೋಳ. ಕಾಯಿ ಕಟ್ಟುವ ಹೊತ್ತಿಗೆ ಕಾಡುಹಂದಿಗಳು ಇಳಿದು ಬರುತ್ತವೆ. ಮನೆಯವರೆಲ್ಲ ಸರದಿಯ ಮೇಲೆ ಹೊಲದ ಅಟ್ಟದಲ್ಲಿ ಮಲಗಬೇಕು. ಅವನು ಅದನ್ನು ಬರೆದಿದ್ದ. ಅಪ್ಪ ತಗಡಿನ ಡಬ್ಬ ಬಡಿಯುತ್ತಾನೆ. ಪಕ್ಕದ ಗುಡ್ಡದಿಂದ ಇನ್ನೊಬ್ಬರು ಕೂಗಿ ಉತ್ತರ ಕೊಡುತ್ತಾರೆ. ಆ ಕೂಗು ಬರದಿದ್ದರೆ ಅವರು ನಿದ್ದೆ ಹೋಗಿದ್ದಾರೆ ಅಂತ ಅರ್ಥ, ಆಗ ಇವರು ಇನ್ನೂ ಜೋರಾಗಿ ಕೂಗಬೇಕು. ಹಂದಿ ಬಂದದ್ದು ಕಾಣುವುದಿಲ್ಲ, ದಂಟು ಮುರಿಯುವ ಸದ್ದು ಕೇಳುತ್ತದೆ. ಸದ್ದು ಒಂದು ಕಡೆಯಿಂದ ಬಂದರೆ ಒಂದು ಹಂದಿ. ಎರಡು ಕಡೆಯಿಂದ ಬಂದರೆ ಮರಿಗಳೂ ಇವೆ. ಬೆಳಗ್ಗೆ ಎದ್ದು ಅಮ್ಮ ಮುರಿದ ಗಿಡಗಳನ್ನು ನೋಡಿ ಯಾರನ್ನೂ ಬೈಯುವುದಿಲ್ಲ, ಬಿದ್ದ ತೆನೆಗಳನ್ನು ಬುಟ್ಟಿಗೆ ಹಾಕಿಕೊಳ್ಳುತ್ತಾಳೆ.

ಕಾಲಗಳು ಹಿಂದೆ ಮುಂದೆ ಆಗಿದ್ದವು. ಸ್ಪೆಲ್ಲಿಂಗ್ ಬೇಕಾದ ಹಾಗೆ ಇತ್ತು. ಆದರೆ ಎರಡು ಕಡೆಯಿಂದ ಸದ್ದು ಬಂದರೆ ಮರಿಗಳೂ ಇವೆ ಅನ್ನುವ ವಾಕ್ಯ ಓದಿ ನಾನು ಕೆಂಪು ಪೆನ್ನು ಕೆಳಗಿಟ್ಟೆ. ಮರುದಿನ ಅವನ ಹತ್ತಿರವೇ ಗಟ್ಟಿಯಾಗಿ ಓದಿಸಿದೆ. ಇಡೀ ತರಗತಿ ಎದ್ದು ನಿಂತಿತು. ಯಾಕಂದರೆ ಎಲ್ಲರಿಗೂ ಹೇಳಲು ಒಂದೊಂದು ಇತ್ತು. ಒಬ್ಬಳ ಹೊಲಕ್ಕೆ ಮಂಗಗಳು, ಇನ್ನೊಬ್ಬನ ಹೊಲಕ್ಕೆ ಕರಡಿ. ಇಂಗ್ಲಿಷಿನಲ್ಲೇ ಹೇಳಿದರು. ಮಾತು ಸಿಗದ ಕಡೆ ಕೈ ಬಾಯಿ ಮಾಡಿದರು, ಬೋರ್ಡ್ ಮೇಲೆ ಚಿತ್ರ ಬರೆದರು. ನಾನು ನಮ್ಮ ಹಾವೇರಿ ಕಡೆಯೂ ಗೋವಿನಜೋಳವೇ, ಹಂದಿಯ ಕಾಟವೂ ಅಷ್ಟೇ ಅಂದೆ. ರಾಣೆಬೆನ್ನೂರಿನ ಚಿಗರಿಗಳು ಹಿಂಡುಹಿಂಡಾಗಿ ಬಂದು ಬೆಳೆ ಮೇಯುವ ಕತೆ ಹೇಳಿದೆ. ಅಟ್ಟದ ಮೇಲೆ ನಿಂತು ಕವಣಿ ಬೀಸೋದು ಹೇಗೆ ಅಂತ ಶಾಲು ಮಡಚಿ ತೋರಿಸಿದೆ. ಗಂಟೆ ಹೊಡೆದರೂ ಯಾರೂ ಹೊರಗೆ ಹೋಗಲಿಲ್ಲ.

ಆ ವರ್ಷ ಉಳಿದ ದಿನಗಳಲ್ಲಿ ನಾವು ಬರೆದದ್ದೆಲ್ಲ ಹೀಗೇ. ನೀರಿನ ತಿರುಗಣೆ, ಅಜ್ಜಿಯ ಮಗ್ಗ, ಹಸು ಕರು ಹಾಕಿದ ರಾತ್ರಿ, ಭೂಕಂಪದ ಮಧ್ಯಾಹ್ನ. ಮಾರ್ಕ್ಸ್ ಏರಿತೇ ಅಂದರೆ ಏರಿತು, ಆದರೆ ನನಗೆ ನೆನಪಿರೋದು ಅದಲ್ಲ. ತಪ್ಪು ಮಾತಾಡುವಾಗ ಆ ಮಕ್ಕಳ ಮುಖ ಸಣ್ಣದಾಗುತ್ತಿರಲಿಲ್ಲ. ಅದು ನೆನಪಿದೆ.

ಇದನ್ನು ನಾನು ಬಹಳ ಯೋಚಿಸಿದ್ದೇನೆ. ಹುಬ್ಬಳ್ಳಿಯಲ್ಲಿ ಪಿಯುಸಿ ಓದುವಾಗ ಒಂದು ದಿನ ಎದ್ದು ನಿಂತು ಪಾಠ ಓದಿದ್ದೆ. ಯಾವುದೋ ಒಂದು ಮಾತಿನ ಉಚ್ಚಾರಕ್ಕೆ ಮುಂದಿನ ಎರಡು ಸಾಲು ನಕ್ಕಿತು. ಆ ಮಕ್ಕಳ ಮನೆಯಲ್ಲಿ ಇಂಗ್ಲಿಷ್ ಇತ್ತು, ಅಪ್ಪ ಅಮ್ಮ ಆಡುತ್ತಿದ್ದರು, ಪೇಪರ್ ಬರುತ್ತಿತ್ತು. ಆಮೇಲೆ ಆ ವರ್ಷವಿಡೀ ನಾನು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಇದು ನನ್ನೊಬ್ಬಳ ಕತೆ ಅಲ್ಲ. ನವಲಗುಂದ, ರೋಣ, ಹಾನಗಲ್, ಶಿಗ್ಗಾವಿ ಕಡೆಯಿಂದ ಬಂದ ಯಾರನ್ನಾದರೂ ಕೇಳಿ, ಇಂಥದ್ದೊಂದು ಸಿಗುತ್ತದೆ.

ನಾನಿದ್ದ ಊರಲ್ಲಿ ಇಂಗ್ಲಿಷ್ ಯಾರ ಮನೆಯ ಆಸ್ತಿಯೂ ಆಗಿರಲಿಲ್ಲ. ಮನೆಯಲ್ಲಿ ಎಲ್ಲರದೂ ಪೂರ್ವ ಭೂತಾನದ ಮಾತು ತ್ಸಾಂಗ್ಲಾ. ಶಾಲೆಗೆ ಬಂದ ಮೇಲೆ ಜೋಂಗ್ಖಾ, ಇಂಗ್ಲಿಷ್ ಎರಡೂ ಹೊಸದು. ಟಿವಿ ನೋಡಿ ಹಿಂದಿ. ಅದರಲ್ಲಿ ಅವರು ನನಗಿಂತ ಚುರುಕು. ಆ ದೇಶಕ್ಕೆ ಟಿವಿ ಬಂದದ್ದೇ 1999ರಲ್ಲಿ, ಹತ್ತೇ ವರ್ಷದಲ್ಲಿ ಮಕ್ಕಳು ಹಿಂದಿ ಕಲಿತಿದ್ದರು. ಅಂಗಡಿಯವರ ಮಗಳು, ರೈತನ ಮಗ, ಶಾಲೆಯ ಗುಮಾಸ್ತರ ಮಗ, ಎಲ್ಲರೂ ಇಂಗ್ಲಿಷನ್ನು ಶಾಲೆಯಲ್ಲೇ ಕಲಿಯಬೇಕು. ಪಾಠ ಮಾಡುವ ಮೇಷ್ಟ್ರೂ ಹಾಗೇ ಕಲಿತವರು. ಆಮೇಲೆ ನಗುವವರು ಯಾರು?

ಅಲ್ಲಿ ಎಲ್ಲ ಸರಿ ಇತ್ತು ಅಂತ ನಾನು ಹೇಳುವುದಿಲ್ಲ. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಗೆರೆ ದಾಟದವರಿಗೆ ಸರ್ಕಾರಿ ಶಾಲೆಯಲ್ಲಿ ಮುಂದೆ ಸೀಟು ಸಿಗುತ್ತಿರಲಿಲ್ಲ, ದುಡ್ಡಿದ್ದವರು ಖಾಸಗಿಗೆ ಹೋಗುತ್ತಿದ್ದರು. ಅದಕ್ಕಿಂತ ನೋವಿನ ವಿಷಯ, ಮಕ್ಕಳ ಮನೆಮಾತಿಗೆ ಶಾಲೆಯೊಳಗೆ ಜಾಗವೇ ಇರಲಿಲ್ಲ. ಅಜ್ಜಿ ಹೇಳಿದ ಕತೆ ತ್ಸಾಂಗ್ಲಾದಲ್ಲಿ ಮನೆಯಲ್ಲೇ ಉಳಿಯುತ್ತಿತ್ತು. ಧಾರವಾಡದಲ್ಲಿ ಓದಿದವರಿಗೆ ಇದು ತಟ್ಟಲೇಬೇಕು. 19ನೇ ಶತಮಾನದಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಕಡೆ ಶಾಲೆಗಳಲ್ಲಿ ಮರಾಠಿಯದೇ ಜೋರು. ಕನ್ನಡದ ಮಕ್ಕಳು ಸ್ವಂತ ಊರಲ್ಲಿ ಬೇರೆ ಮಾತಿನಲ್ಲಿ ಅಕ್ಷರ ಕಲಿಯಬೇಕಿತ್ತು. ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಹಟ ಹಿಡಿದು ಕನ್ನಡ ಶಾಲೆಗಳನ್ನು ಬೆಳೆಸಿದರು. ಅದೇ ಚನ್ನಬಸಪ್ಪನವರು ಶೇಕ್ಸ್‌ಪಿಯರ್ ನಾಟಕವನ್ನು ಕನ್ನಡಕ್ಕೆ ತಂದರು ಅನ್ನೋದನ್ನು ನಾವು ಜೊತೆಗೇ ನೆನೆಯಬೇಕು.

ನನ್ನ ಮನಸ್ಸಿನಲ್ಲಿ ಇನ್ನೊಂದು ಹೆಸರಿದೆ. ವಿನಾಯಕ ಕೃಷ್ಣ ಗೋಕಾಕರು ನಮ್ಮ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದವರು. ಆಕ್ಸ್‌ಫರ್ಡಿನಲ್ಲಿ ಓದಿದರು, ಜೀವನಪೂರ್ತಿ ಇಂಗ್ಲಿಷ್ ಕಲಿಸಿದರು, ಕನ್ನಡದಲ್ಲಿ ಬರೆದು ಜ್ಞಾನಪೀಠ ಪಡೆದರು. 1981ರಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಿ ಅಂತ ವರದಿ ಕೊಟ್ಟ ಸಮಿತಿಗೂ ಅವರೇ ಅಧ್ಯಕ್ಷರು. ಆ ವರದಿ ಜಾರಿಯಾಗಲಿ ಅಂತಲೇ ನಾಡಿಗೆ ನಾಡೇ ಬೀದಿಗಿಳಿಯಿತು. ಇಂಗ್ಲಿಷ್ ಮೇಷ್ಟ್ರು ಕನ್ನಡದ ಪರ ನಿಲ್ಲಬಾರದು, ಕನ್ನಡದವರು ಇಂಗ್ಲಿಷ್ ಮೆಚ್ಚಬಾರದು ಅನ್ನುವವರಿಗೆ ನಾನು ಹೆಚ್ಚು ವಾದ ಮಾಡುವುದಿಲ್ಲ. ಸವಣೂರಿನ ಕಡೆ ಕೈ ತೋರಿಸುತ್ತೇನೆ.

2012ರಲ್ಲಿ ಭೂತಾನದಲ್ಲಿ ಭಾರತದ ರೂಪಾಯಿಗೆ ಕೊರತೆ ಬಂತು. ಅಲ್ಲಿಯ ಙುಲ್ಟ್ರಮ್‌ಗೂ ನಮ್ಮ ರೂಪಾಯಿಗೂ ಬೆಲೆ ಒಂದೇ, ಆದರೆ ಬ್ಯಾಂಕಿನಲ್ಲಿ ರೂಪಾಯಿ ಸಿಗೋದು ಕಷ್ಟವಾಯಿತು. ಮನೆಗೆ ದುಡ್ಡು ಕಳಿಸುವ ನಮ್ಮಂಥವರಿಗೆ ತೊಂದರೆಯೇ. ಅಷ್ಟರಲ್ಲಿ ನನ್ನ ಒಪ್ಪಂದವೂ ಮುಗಿಯುತ್ತಿತ್ತು. ಅಪ್ಪನಿಗೆ ಮೈ ಹುಷಾರಿರಲಿಲ್ಲ. ಆ ವರ್ಷದ ಕೊನೆಗೆ ವಾಪಸ್ ಬಂದೆ.

ಈಗ ಧಾರವಾಡದ ಒಂದು ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಸಪ್ತಾಪುರದ ಬೀದಿಯಲ್ಲಿ ನಡೆದರೆ ಕೋಚಿಂಗ್ ಬೋರ್ಡುಗಳು ಸಾಲುಸಾಲು. ಮೂವತ್ತು ದಿನದಲ್ಲಿ ಇಂಗ್ಲಿಷ್ ಅಂತ ಬರೆದ ಬೋರ್ಡಿನ ಕೆಳಗೆ ಹಳ್ಳಿಯ ಹುಡುಗ ಹುಡುಗಿಯರು ಬ್ಯಾಗ್ ಹಿಡಿದು ನಿಂತಿರುತ್ತಾರೆ. ಅಲ್ಲಿ ಒಳ್ಳೆಯ ಮೇಷ್ಟ್ರೂ ಇದ್ದಾರೆ, ಅವರ ಬಗ್ಗೆ ನನ್ನ ದೂರಿಲ್ಲ. ಆದರೆ ಆ ಬೋರ್ಡುಗಳು ಮಾರುವುದು ಭಾಷೆಗಿಂತ ಹೆಚ್ಚಾಗಿ ಹೆದರಿಕೆಯನ್ನು. ನಿನಗೆ ಬರುವುದಿಲ್ಲ, ಬರದಿದ್ದರೆ ನೀನು ಯಾರೂ ಅಲ್ಲ ಅಂತ ಮೊದಲು ಹೇಳಬೇಕು, ಆಮೇಲೆ ಫೀಸು. ಸರ್ಕಾರವೂ 2019ರಿಂದ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ತೆರೆಯಲಿ, ಬಡವರ ಮಕ್ಕಳಿಗೂ ಇಂಗ್ಲಿಷ್ ಬೇಕು. ಆದರೆ ಎದ್ದು ನಿಂತ ಮಗುವನ್ನು ನೋಡಿ ಉಳಿದವರು ನಗುವ ತರಗತಿ ಇರುವವರೆಗೆ ಮಾಧ್ಯಮ ಬದಲಾಯಿಸಿ ಏನೂ ಆಗುವುದಿಲ್ಲ.

ಹಾಗಾಗಿ ನನ್ನ ತರಗತಿಯಲ್ಲಿ ಮೊದಲ ತಿಂಗಳು ಪಠ್ಯಪುಸ್ತಕ ತೆಗೆಯುವುದಿಲ್ಲ. ನಿನಗೆ ಮಾತ್ರ ಗೊತ್ತಿರುವುದನ್ನು ಹೇಳು ಅನ್ನುತ್ತೇನೆ. ಕಾನ್ವೆಂಟಿನಲ್ಲಿ ಓದಿದವರಿಗೆ ಇದು ಕಷ್ಟ, ಹಳ್ಳಿಯವರಿಗೆ ಸುಲಭ, ಅಲ್ಲಿಗೆ ಸಮ ಆಗುತ್ತದೆ. ನವಲಗುಂದ ಕಡೆಯ ಹುಡುಗಿಯೊಬ್ಬಳು ಬೆಣ್ಣೆಹಳ್ಳ ಉಕ್ಕಿದಾಗ ಎತ್ತುಗಳನ್ನು ದಾಟಿಸಿದ್ದನ್ನು ಹೇಳಿದಳು. ಹಳ್ಳದ ನೀರು ಏರುವ ಮುಂಚೆ ಎತ್ತಿಗೆ ಗೊತ್ತಾಗುತ್ತದೆ, ಅದು ಕಿವಿ ಹಿಂದಕ್ಕೆ ಮಾಡುತ್ತದೆ ಅಂದಳು. ಹುಬ್ಬಳ್ಳಿಯ ವಿದ್ಯಾನಗರದಿಂದ ಬರುವ ಹುಡುಗ, ಅಚ್ಚುಕಟ್ಟಾದ ಇಂಗ್ಲಿಷ್ ಅವನದು, ಕೈ ಎತ್ತಿ ಆಮೇಲೇನಾಯಿತು ಅಂತ ಕೇಳಿದ. ಅವಳ ವ್ಯಾಕರಣ ಅವನ ಕಿವಿಗೆ ಬಿದ್ದೇ ಇರಲಿಲ್ಲ.

ವಿದೇಶಕ್ಕೆ ಹೋಗಿ ಕಲಿಸುವ ಆಸೆ ಇರುವವರು ನನ್ನ ಹತ್ತಿರ ಬರುತ್ತಾರೆ. ಈಗ ಥಾಯ್ಲೆಂಡ್, ವಿಯೆಟ್ನಾಂ, ಕಾಂಬೋಡಿಯಾದ ಮಾತು ಜಾಸ್ತಿ. ಅವರಿಗೆ ಒಂದು ಕಹಿ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಉದ್ಯೋಗದಲ್ಲಿ ಎಷ್ಟೋ ಕಡೆ ನೀವು ಹೇಗೆ ಕಲಿಸುತ್ತೀರಿ ಅನ್ನೋದಕ್ಕಿಂತ ಯಾವ ಪಾಸ್‌ಪೋರ್ಟ್ ಅನ್ನೋದೇ ಮುಖ್ಯ. ದಕ್ಷಿಣ ಕೊರಿಯಾ ಭಾಷಾ ಶಿಕ್ಷಕರ ವೀಸಾವನ್ನು ಇಂಗ್ಲಿಷಿಗೆ ಏಳು ದೇಶಗಳವರಿಗಷ್ಟೇ ಇಟ್ಟಿತ್ತು. 2010ರಲ್ಲಿ ಜಾರಿಗೆ ಬಂದ ವ್ಯಾಪಾರ ಒಪ್ಪಂದದಿಂದ ಭಾರತದವರಿಗೆ ಸಣ್ಣ ಬಾಗಿಲು ತೆರೆಯಿತು. ಬೇರೆ ಕಡೆಗಳಲ್ಲೂ ನಮ್ಮವರಿಗೆ ಹೆಚ್ಚಿನ ಪರೀಕ್ಷೆ, ಕಡಿಮೆ ಸಂಬಳ. ಇದು ಅನ್ಯಾಯ. ಹುಟ್ಟಿನಿಂದ ಇಂಗ್ಲಿಷ್ ಆಡುವವನಿಗೆ ಅದನ್ನು ಕಲಿಯುವಾಗ ಎಲ್ಲಿ ಕಾಲು ಜಾರುತ್ತದೆ ಅಂತ ಗೊತ್ತಿರುವುದಿಲ್ಲ. ಐದನೇ ತರಗತಿಯಲ್ಲಿ ಅಕ್ಷರ ಶುರು ಮಾಡಿದವಳಿಗೆ ಗೊತ್ತಿರುತ್ತದೆ. ತ್ರಾಶಿಗಾಂಗಿನ ಮಕ್ಕಳು ಯಾವ ವಾಕ್ಯದಲ್ಲಿ ತಡವರಿಸುತ್ತಾರೆ ಅಂತ ನನಗೆ ಮೊದಲೇ ತಿಳಿಯುತ್ತಿತ್ತು, ಯಾಕಂದರೆ ನಾನೂ ಅಲ್ಲೇ ತಡವರಿಸಿ ಬಂದವಳು.

ಕಳೆದ ತಿಂಗಳು ಹಳೆಯ ವಿದ್ಯಾರ್ಥಿನಿ ಬಂದಿದ್ದಳು. ಗದಗ ಜಿಲ್ಲೆಯವಳು, ಬಿ.ಇಡಿ. ಆಗಿದೆ, ಥಾಯ್ಲೆಂಡಿನ ಒಂದು ಶಾಲೆಯಿಂದ ಕರೆ ಬಂದಿದೆ. ಒಪ್ಪಂದದ ಕಾಗದವನ್ನು ಇಬ್ಬರೂ ಕೂತು ಸಾಲುಸಾಲಾಗಿ ಓದಿದೆವು. ಟೂರಿಸ್ಟ್ ವೀಸಾದ ಮೇಲೆ ಬಾ, ಆಮೇಲೆ ನೋಡೋಣ ಅಂದರೆ ಹೋಗಲೇಬೇಡ, ಅದು ಕಾನೂನಿಗೆ ವಿರುದ್ಧ ಅಂದೆ. ಕೆಲಸದ ಪರ್ಮಿಟ್ ಯಾರು ಮಾಡಿಸುತ್ತಾರೆ, ಖರ್ಚು ಯಾರದು, ರಜೆಯ ತಿಂಗಳಿಗೆ ಸಂಬಳ ಇದೆಯಾ, ಮಧ್ಯೆ ಬಿಟ್ಟರೆ ಏನು, ಎಲ್ಲವನ್ನೂ ಬರಹದಲ್ಲಿ ಕೇಳು ಅಂದೆ. ಏಜೆಂಟರಿಗೆ ಮುಂಗಡ ಕೊಡಬೇಡ ಅಂದೆ. ಡಿಗ್ರಿ ಸರ್ಟಿಫಿಕೇಟಿನ ದೃಢೀಕರಣಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ಇವತ್ತೇ ಶುರು ಮಾಡು ಅಂದೆ. ಮನೆಯಲ್ಲಿ ಒಪ್ಪಿದ್ದಾರಾ ಅಂತ ಕೇಳಿದ್ದಕ್ಕೆ ಇಲ್ಲ ಅಂತ ತಲೆ ಅಲ್ಲಾಡಿಸಿದಳು. ಅವಳ ಅಪ್ಪನಿಗೆ ನಾನೇ ಫೋನ್ ಮಾಡಿದೆ. ಸಂಬಳ, ಊಟ, ಹುಡುಗಿ ಒಬ್ಬಳೇ ಇರುವುದು, ಒಂದೊಂದಾಗಿ ಮಾತಾಡಿದೆವು. ಬಹಳ ಹೊತ್ತು ಆಯಿತು. ಕೊನೆಗೆ ಅವರು, "ನೀವು ಹೋಗಿ ಬಂದವರು ಹೇಳಾಕತ್ತೀರಿ ಅಂದ್ರ ಆತು ಬಿಡ್ರಿ" ಅಂದರು.

ಮುಂದಿನ ಸೋಮವಾರ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅವಳ ಅಪಾಯಿಂಟ್‌ಮೆಂಟ್ ಇದೆ. ಜೊತೆಗೆ ಬಾ ಅಂತ ಕರೆದಿದ್ದಾಳೆ, ಹೋಗುತ್ತಿದ್ದೇನೆ.